ಒಂದು ವರ್ಷದ ಬ್ಯಾಟರಿ ಸಿಗೂದಿಲ್ಲೇನು?

ಇದು ೨೦೨೩ರ ಬೇಸಿಗೆಯಲ್ಲಿ ನಡೆದದ್ದು. ಆಗ ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಆಟೋ ಎಲೆಕ್ಟ್ರಿಷಿಯನ್ ಆಗಿದ್ದೆ. ವಾಹನಗಳ ವೈರಿಂಗ್, ಡೈನಮೋ, ಸೆಲ್ಫ್ ಮೋಟಾರು, ಬ್ಯಾಟರಿ ಇವೇ ನನ್ನ ಕಸುಬು. ಅಂಗಡಿಯಲ್ಲಿ ಕೂತರೆ ಸಾಲುತ್ತಿರಲಿಲ್ಲ. ವಾರಕ್ಕೊಂದು ದಿನ ಸಿರುಗುಪ್ಪಕ್ಕೆ, ಇನ್ನೊಂದು ದಿನ ಕುರುಗೋಡಿಗೆ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ಅಕ್ಕಿ ಗಿರಣಿಗಳ ಜನರೇಟರು, ಭತ್ತದ ಲಾರಿ, ಟ್ರ್ಯಾಕ್ಟರು, ಜೊತೆಗೆ ಕೆಲವು ಮನೆಗಳ ಕಾರುಗಳು. ಈಗ ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ. ಅಂಗಡಿಯನ್ನು ಅಳಿಯನಿಗೆ ಬಿಟ್ಟಿದ್ದೇನೆ. ಆದರೂ ಹಳೆಯ ಗಿರಾಕಿಗಳು ದಾರಿಯಲ್ಲಿ ಸಿಕ್ಕರೆ ಕೇಳುವುದು ಒಂದೇ ಪ್ರಶ್ನೆ: "ಖಾಜಾ ಸಾಬ್ರ, ಬ್ಯಾಟರಿ ಹಳೇದಾಗೈತಿ, ಇನ್ನೂ ಎಷ್ಟು ದಿನ ನಡೀತೈತಿ?" ಹಾಗೆ ಕೇಳಿದಾಗಲೆಲ್ಲ ನನಗೆ ಸಿರುಗುಪ್ಪದ ಪದ್ಮಜಾ ಟೀಚರ್ ಅವರ ಬಿಳಿ ಕಾರು ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಪದ್ಮಜಾ ಅವರು ದೇಶನೂರಿನ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಸಿರುಗುಪ್ಪದ ಮನೆಯಲ್ಲಿ ಅವರು ಮತ್ತು ಅತ್ತೆ ಇಂದಿರಾಬಾಯಿ, ಇಬ್ಬರೇ. ಗಂಡ ಗುರುರಾಜ್ ಮೊದಲು ಸಂಡೂರು ಕಡೆಯ ಗಣಿಯೊಂದರಲ್ಲಿ ದೊಡ್ಡ ಯಂತ್ರಗಳ ಉಸ್ತುವಾರಿ ನೋಡುತ್ತಿದ್ದರು. ಗಣಿಗಳು ನಿಂತ ಮೇಲೆ ಕೆಲವು ವರ್ಷ ಅಲ್ಲಿ ಇಲ್ಲಿ ದುಡಿದು, ಕೊನೆಗೆ ಆಫ್ರಿಕಾದ ಒಂದು ತಾಮ್ರದ ಗಣಿಗೆ ಹೋದರು. ಆ ದೇಶದ ಹೆಸರನ್ನು ಇಂದಿರಾಬಾಯಿ ಇಂದಿಗೂ ಸರಿಯಾಗಿ ಕಲಿತಿಲ್ಲ. "ನಮ್ಮ ಗುರು ಇರೂ ಊರು" ಅನ್ನುತ್ತಾರೆ, ಅಷ್ಟೇ.

ನಾನು ಗುರುರಾಜ್ ಅವರನ್ನು ಚೆನ್ನಾಗಿ ಬಲ್ಲೆ. ೨೦೧೯ರ ಕೊನೆಯಲ್ಲಿ ರಜೆ ಮುಗಿಸಿ ಹೊರಡುವ ಮುಂಚೆ ಅವರು ಕಾರನ್ನು ನನ್ನ ಅಂಗಡಿಗೆ ತಂದು ಹೊಸ ಬ್ಯಾಟರಿ ಹಾಕಿಸಿದ್ದರು. ಹಾಕಿಸಿದ್ದರು ಅನ್ನುವುದಕ್ಕಿಂತ ತಾವೇ ಹಾಕಿದರು ಅನ್ನಬೇಕು. ಯಂತ್ರದ ಮನುಷ್ಯರಿಗೆ ಬೇರೆಯವರು ಸ್ಪ್ಯಾನರ್ ತಿರುಗಿಸುವುದನ್ನು ನೋಡುತ್ತ ನಿಲ್ಲುವುದು ಕಷ್ಟ. ನನ್ನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ಟರ್ಮಿನಲ್ ಬಿಗಿ ಮಾಡಿ, ಪಕ್ಕದಲ್ಲಿ ನಿಂತಿದ್ದ ಹೆಂಡತಿಗೆ, "ನೋಡು, ನಾ ಪೂರ್ತಿ ವಾಪಸ್ ಬರೂತನ ಇದು ನಡೀತದ" ಅಂದರು. ಪದ್ಮಜಾ ನಕ್ಕರು. ನಾನೂ ನಕ್ಕೆ. ಅದಾದ ಮೇಲೆ ಕೊರೊನಾ ಬಂದು ವಿಮಾನಗಳು ನಿಂತವು. ಎರಡು ವರ್ಷ ಅವರು ಬರಲಾಗಲಿಲ್ಲ. ೨೦೨೨ರಲ್ಲಿ ಎರಡು ವಾರದ ಮಟ್ಟಿಗೆ ಬಂದರು. ಇನ್ನೊಂದೇ ವರ್ಷ ಅಂತ ಹೇಳಿ ಹೋದರು. ಆ ಒಂದು ವರ್ಷ ಮುಗಿಯುವ ಹೊತ್ತಿಗೆ ಕಾಂಟ್ರ್ಯಾಕ್ಟ್ ಮತ್ತೆ ಮುಂದುವರಿಯಿತು.

ಇಲ್ಲಿ ಬ್ಯಾಟರಿಯ ಬಗ್ಗೆ ಎರಡು ಮಾತು ಹೇಳಬೇಕು. ಕಾರಿನ ಬ್ಯಾಟರಿಯಲ್ಲಿ ಆರು ಸೆಲ್ ಇರುತ್ತವೆ. ಆರೂ ಚೆನ್ನಾಗಿದ್ದು ಚಾರ್ಜ್ ತುಂಬಿದ್ದರೆ ಮೀಟರು ಹನ್ನೆರಡೂವರೆ ವೋಲ್ಟಿನ ಮೇಲೆ ತೋರಿಸುತ್ತದೆ. ಆದರೆ ಸುಮ್ಮನೆ ನಿಂತಾಗ ತೋರಿಸುವ ವೋಲ್ಟನ್ನು ನಂಬಬಾರದು. ಸೆಲ್ಫ್ ಹೊಡೆದಾಗ, ಅಂದರೆ ಇಂಜಿನ್ನನ್ನು ತಿರುಗಿಸುವ ಭಾರ ಬಿದ್ದಾಗ, ಅದು ಎಷ್ಟಕ್ಕೆ ಇಳಿಯುತ್ತದೆ ಅನ್ನುವುದೇ ಮುಖ್ಯ. ಒಂಬತ್ತೂವರೆಯ ಕೆಳಗೆ ಇಳಿದರೆ ಅದರ ಕಾಲ ಮುಗಿಯುತ್ತ ಬಂತು ಅಂತ ಅರ್ಥ. ಎಲ್ಲರೂ ತಿಳಿದುಕೊಂಡಿರುವುದು ಚಳಿಯಲ್ಲಿ ಬ್ಯಾಟರಿ ಹಾಳಾಗುತ್ತದೆ ಅಂತ. ನಮ್ಮ ಕಡೆ ಅದನ್ನು ತಿನ್ನುವುದು ಬಿಸಿಲು. ಬಳ್ಳಾರಿ ಜಿಲ್ಲೆಯ ಬಿಸಿಲಿಗೆ ಒಳಗಿನ ನೀರು ಆರುತ್ತದೆ, ಪ್ಲೇಟುಗಳು ಸವೆಯುತ್ತವೆ. ಮೂರು ಬೇಸಿಗೆ ದಾಟಿದ ಬ್ಯಾಟರಿಯನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಇನ್ನು ಗಾಡಿ ಓಡಿಸದೆ ನಿಲ್ಲಿಸಿದರೆ ಅದು ಇನ್ನೂ ಬೇಗ ಸೊರಗುತ್ತದೆ.

ಪದ್ಮಜಾ ಅವರ ಕಾರು ಹೆಚ್ಚು ಓಡುತ್ತಿರಲಿಲ್ಲ. ಶಾಲೆಗೆ ಅವರು ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಕಾರು ಗುರುರಾಜ್ ಅವರದು ಅನ್ನುವ ಭಾವನೆ ಆ ಮನೆಯಲ್ಲಿ ಇತ್ತು. ಡ್ರೈವಿಂಗ್ ಚೆನ್ನಾಗಿಯೇ ಬರುತ್ತಿದ್ದರೂ ಪದ್ಮಜಾ ಅದನ್ನು ಹೊರಗೆ ತೆಗೆಯುತ್ತಿದ್ದದ್ದು ಭಾನುವಾರ ಮಾತ್ರ. ಅತ್ತೆಯನ್ನು ಕೂರಿಸಿಕೊಂಡು ರಾರಾವಿ ಕಡೆಗೆ ಹೋಗಿ, ಹೊಳೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ನಿಂತು, ತಿರುಗಿ ಬರುತ್ತಿದ್ದರು. ಇಂದಿರಾಬಾಯಿಗೆ ಹೊಳೆಯ ನೀರು ಕಂಡರೆ ಸಾಕು. ಸೀಟಿನ ಅಳತೆಯನ್ನೂ ಪದ್ಮಜಾ ಬದಲಿಸಿರಲಿಲ್ಲ. ಗಂಡ ಎತ್ತರದ ಮನುಷ್ಯ; ಅವರಿಗೆ ಹೊಂದಿಸಿದ ಸೀಟಿನಲ್ಲಿ ಬೆನ್ನಿಗೆ ದಿಂಬು ಇಟ್ಟುಕೊಂಡು ಈಕೆ ಕೂರುತ್ತಿದ್ದರು. ಒಮ್ಮೆ ನಾನು, "ಸೀಟು ಮುಂದಕ್ಕ ಎಳ್ಕೊಳ್ರಿ ಟೀಚರಮ್ಮ, ಕ್ಲಚ್ ತುಳಿಯಾಕ ಹಗುರಾಗತೈತಿ" ಅಂದೆ. "ಇರ್ಲಿ ಬಿಡ್ರಿ ಖಾಜಣ್ಣ, ರೂಢಿ ಆಗ್ಯದ" ಅಂದರು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

೨೦೨೩ರ ಫೆಬ್ರವರಿಯಲ್ಲಿ ಮೊದಲ ಸಲ ಅವರ ಫೋನು ಬಂತು. ಕಾರು ಸ್ಟಾರ್ಟ್ ಆಗುತ್ತಿಲ್ಲ. ಹೋಗಿ ನೋಡಿದೆ. ಟರ್ಮಿನಲ್ಲಿಗೆ ಹಸಿರು ಬಣ್ಣದ ಪುಡಿ ಹಿಡಿದಿತ್ತು. ಬಿಸಿನೀರು ಹಾಕಿ ತೊಳೆದೆ, ಡಿಸ್ಟಿಲ್ಡ್ ವಾಟರ್ ತುಂಬಿದೆ, ಹತ್ತಿರದ ಅಕ್ಕಿ ಗಿರಣಿಯ ಚಾರ್ಜರಿಗೆ ಹಾಕಿ ಸಂಜೆ ತಂದು ಕೂರಿಸಿದೆ. ಸ್ಟಾರ್ಟ್ ಆಯಿತು. ಆದರೆ ಸೆಲ್ಫ್ ಹೊಡೆದಾಗ ಮೀಟರಿನ ಮುಳ್ಳು ಒಂಬತ್ತರ ಕಡೆ ಜಾರಿತು. ಒಂದು ಸೆಲ್ಲಿನ ಆ್ಯಸಿಡ್ ಉಳಿದವಕ್ಕಿಂತ ತೆಳುವಾಗಿತ್ತು. ನಾನು ಮುಚ್ಚುಮರೆಯಿಲ್ಲದೆ ಹೇಳಿದೆ.

"ಟೀಚರಮ್ಮ, ಇದು ಮುಗೀತು ಅಂತ ತಿಳ್ಕೊಳ್ರಿ. ಇವತ್ತು ಹೊಡೀತು, ನಾಳೆ ಹೊಡೆಯಂಗಿಲ್ಲ. ಬಿಸಿಲು ಜೋರಾಗೋದ್ರಾಗ ಬದಲಿ ಮಾಡಿಬಿಡೋಣು."

ಅವರು ಬಾನೆಟ್ಟಿನೊಳಗೆ ನೋಡುತ್ತ ನಿಂತರು. "ಹೊಸದಕ್ಕ ಎಷ್ಟು ವರ್ಷ ಗ್ಯಾರಂಟಿ ಇರ್ತದ?"

"ಒಳ್ಳೇದು ತಗೊಂಡ್ರ ನಾಲ್ಕು ವರ್ಷ."

ಅವರು ಮೆಲ್ಲಗೆ, "ನಾಲ್ಕು ವರ್ಷದ್ದು ಬ್ಯಾಡ ಖಾಜಣ್ಣ. ಒಂದು ವರ್ಷದ ಬ್ಯಾಟರಿ ಸಿಗೂದಿಲ್ಲೇನು?" ಅಂದರು.

ಕಸುಬಿಗೆ ಬಿದ್ದಂದಿನಿಂದ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಗ್ಯಾರಂಟಿ ಹೆಚ್ಚು ಬೇಕು ಅನ್ನುವ ಗಿರಾಕಿಗಳನ್ನು ನೋಡಿದ್ದೆ, ಕಡಿಮೆ ಬೇಕು ಅನ್ನುವವರನ್ನು ನೋಡಿರಲಿಲ್ಲ. ಮೊದಲು ತಮಾಷೆ ಇರಬೇಕು ಅಂದುಕೊಂಡೆ. ಅವರ ಮುಖ ನೋಡಿದ ಮೇಲೆ ತಿಳಿಯಿತು. ನಾಲ್ಕು ವರ್ಷದ ಬ್ಯಾಟರಿ ಹಾಕಿಸಿದರೆ ನಾಲ್ಕು ವರ್ಷ ಹೀಗೆಯೇ ಅಂತ ತಾವೇ ಒಪ್ಪಿಕೊಂಡ ಹಾಗೆ ಅವರಿಗೆ ಅನಿಸಿತ್ತು. ಒಳಗಿನಿಂದ ಇಂದಿರಾಬಾಯಿ, "ಅವನು ಬಂದು ನೋಡ್ತಾನ ಬಿಡೋ ಖಾಜಾ" ಅಂದರು. ಅಲ್ಲಿಗೆ ಮಾತು ಮುಗಿಯಿತು.

ನಾನು ಹಟ ಮಾಡಬಹುದಿತ್ತು. ಮಾಡಲಿಲ್ಲ, ಅದಕ್ಕೆ ನಮ್ಮ ಮನೆಯದೇ ಒಂದು ಕಾರಣ ಇತ್ತು. ನನ್ನ ಅಣ್ಣ ಚಿಕ್ಕ ವಯಸ್ಸಿನಲ್ಲಿಯೇ ಸೌದಿಗೆ ದುಡಿಯಲು ಹೋದವನು. ಅವನ ಸ್ಕೂಟರಿಗೆ ನಮ್ಮಮ್ಮ ಹಳೆಯ ಚಾದರ ಹೊದಿಸಿ ಅಂಗಳದ ಮೂಲೆಯಲ್ಲಿ ಇಟ್ಟಿದ್ದಳು. ಯಾರಿಗೂ ಕೊಡಲಿಲ್ಲ, ನನಗೂ ಮುಟ್ಟಗೊಡಲಿಲ್ಲ. ಶುಕ್ರವಾರ ಬಂದರೆ ಚಾದರ ತೆಗೆದು, ಒರೆಸಿ, ಮತ್ತೆ ಹೊದಿಸುವಳು. ಅಣ್ಣ ಬಂದಾಗ ಅವನ ತಲೆ ಅರ್ಧ ಬೆಳ್ಳಗಾಗಿತ್ತು. ಸ್ಕೂಟರಿನ ಇಂಜಿನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಇಂಥ ಮನೆಗಳಲ್ಲಿ ಒಂದು ವಸ್ತುವನ್ನು ಬದಲಿಸಿ ಅನ್ನುವುದು ಎಷ್ಟು ದೊಡ್ಡ ಮಾತು ಅಂತ ನನಗೆ ಗೊತ್ತಿತ್ತು.

ಹಾಗಾಗಿ ಸಿರುಗುಪ್ಪಕ್ಕೆ ಹೋದಾಗಲೆಲ್ಲ ಅವರ ಮನೆಗೆ ಹೋಗಿ ಬ್ಯಾಟರಿ ನೋಡಿ ಬರುವುದು ರೂಢಿಯಾಯಿತು. ಹೋದಾಗಲೆಲ್ಲ ಬದಲಿಸಿ ಅಂತ ಹೇಳುತ್ತಿದ್ದೆ. ಹೇಳಿದಾಗಲೆಲ್ಲ ಅವರು ಚಹಾ ಕೊಟ್ಟು ಬೇರೆ ಮಾತು ತೆಗೆಯುತ್ತಿದ್ದರು. ಗಂಡನ ಫೋನು ಬಂದಿದ್ದರೆ ಅಂದು ಮುಖ ಬೇರೆಯೇ ಇರುತ್ತಿತ್ತು. ಅಲ್ಲಿ ಈಗ ಮಳೆಗಾಲವಂತೆ, ತಾವೇ ಕಟ್ಟಿನ ಸಾರು ಮಾಡಿಕೊಂಡರಂತೆ, ಅಲ್ಲಿನ ಹುಡುಗರಿಗೆ ಕನ್ನಡದಲ್ಲಿ ಎಣಿಸುವುದು ಕಲಿಸಿದ್ದಾರಂತೆ. ಕಾರಿನ ಬಾಗಿಲಿಗೆ ಒರಗಿ ನಿಂತು ಇದನ್ನೆಲ್ಲ ನನಗೆ ಹೇಳುತ್ತಿದ್ದರು. ಎದುರಿಗೆ ಕೇಳಲು ನಾನಿದ್ದರೂ, ಅವರು ಆ ಮಾತುಗಳನ್ನು ಇನ್ನೊಂದು ಸಲ ತಾವೇ ಕೇಳಿಸಿಕೊಳ್ಳುತ್ತಿದ್ದಾರೆ ಅನಿಸುತ್ತಿತ್ತು.

ಮೇ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ ನಾನು ಕುರುಗೋಡಿನಲ್ಲಿ ಒಂದು ಟ್ರ್ಯಾಕ್ಟರಿನ ವೈರಿಂಗ್ ಬಿಚ್ಚಿಕೊಂಡು ಕೂತಿದ್ದೆ. ಪದ್ಮಜಾ ಅವರ ಫೋನು ಬಂತು.

"ಖಾಜಣ್ಣ, ಕಾರು ನಿಂತದ. ಅತ್ತಿಗೆ ಎದಿ ನೋವು. ಬಳ್ಳಾರಿಗೆ ಕರ್ಕೊಂಡು ಹೊಂಟೀನಿ."

ನಡೆದದ್ದು ಹೀಗೆ. ಬೆಳಿಗ್ಗೆ ಪೂಜೆಗೆ ಹೂ ಬಿಡಿಸುವಾಗ ಇಂದಿರಾಬಾಯಿಗೆ ಎದೆ ಹಿಂಡಿದಂತಾಗಿ ಕುಸಿದು ಕೂತಿದ್ದರು. ಸಿರುಗುಪ್ಪದ ಡಾಕ್ಟರು ಇಸಿಜಿ ತೆಗೆದು, ಮಾತ್ರೆ ಕೊಟ್ಟು, ತಡಮಾಡದೆ ಬಳ್ಳಾರಿಯ ಹೃದಯದ ಆಸ್ಪತ್ರೆಗೆ ಒಯ್ಯಿರಿ ಅಂದಿದ್ದರು. ಆಂಬುಲೆನ್ಸ್ ಬೇರೆ ರೋಗಿಯನ್ನು ಕರೆದುಕೊಂಡು ಹೋಗಿತ್ತು. ಅದು ತಿರುಗಿ ಬರುವವರೆಗೆ ಕಾಯಲು ಧೈರ್ಯ ಸಾಲದೆ ಪದ್ಮಜಾ ಕಾರು ತೆಗೆದಿದ್ದರು. ಅದೃಷ್ಟಕ್ಕೆ ಮನೆಯಲ್ಲಿ ಸ್ಟಾರ್ಟ್ ಆಗಿತ್ತು. ತೆಕ್ಕಲಕೋಟೆ ದಾಟಿದ ಮೇಲೆ ಕಾಲುವೆಯ ಸೇತುವೆ ಹತ್ತಿರ ಭತ್ತದ ಲಾರಿಯೊಂದು ಆಕ್ಸಲ್ ಮುರಿದು ರಸ್ತೆಗೆ ಅಡ್ಡ ನಿಂತಿತ್ತು. ಎರಡೂ ಕಡೆ ವಾಹನಗಳ ಸಾಲು. ಗಾಬರಿಯಲ್ಲಿದ್ದ ಪದ್ಮಜಾ ಮುಂದೆ ಏನಾಗಿದೆ ಅಂತ ಕೇಳಿಬರಲು ಇಂಜಿನ್ ಆಫ್ ಮಾಡಿ ಇಳಿದಿದ್ದರು. ತಿರುಗಿ ಬಂದು ಕೀ ತಿರುಗಿಸಿದರೆ ಟಕ್ ಟಕ್ ಅನ್ನುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅಷ್ಟರಲ್ಲಿ ಲಾರಿಯನ್ನು ಪಕ್ಕಕ್ಕೆ ಎಳೆದು ದಾರಿ ಬಿಟ್ಟಿದ್ದರು. ಮುಂದಿನ ವಾಹನಗಳು ಹೊರಟಿದ್ದವು. ಇವರ ಕಾರು ಮಾತ್ರ ನಿಂತಿತ್ತು.

"ಏಸಿ, ಫ್ಯಾನು, ಎಲ್ಲಾ ಬಂದ್ ಮಾಡ್ರಿ" ಅಂದೆ. "ಸುತ್ತ ಯಾರಾದ್ರೂ ಅದಾರೇನು, ನೂಕೋರು?"

ಹಿಂದೆ ಒಂದು ಟ್ರ್ಯಾಕ್ಟರಿನಲ್ಲಿ ಹಚ್ಚೊಳ್ಳಿ ಕಡೆಯ ಹಮಾಲರು ಇದ್ದರು. ಅವರಲ್ಲೊಬ್ಬರ ದನಿ ನನಗೆ ಫೋನಿನಲ್ಲಿ ಕೇಳಿತು. "ಅಕ್ಕಾರ, ನೀವು ಸ್ಟೇರಿಂಗ್ ಹಿಡೀರಿ. ನಾವು ನೂಕ್ತೀವಿ ಬಿಡ್ರಿ."

ಸ್ಟೇರಿಂಗ್ ಹಿಡಿದವರು ಫೋನು ಹಿಡಿಯಲಾಗದು. ಸ್ಪೀಕರ್ ಹಾಕಿ ಅದನ್ನು ಇಂದಿರಾಬಾಯಿಯ ಕೈಗೆ ಕೊಟ್ಟರು. ಎದೆ ನೋವಿನ ಆ ಹೆಣ್ಣುಮಗಳು ಹಿಂದಿನ ಸೀಟಿನಲ್ಲಿ ಒರಗಿಕೊಂಡೇ ನನ್ನ ಮಾತನ್ನು ಸೊಸೆಗೆ, ಸೊಸೆಯ ಮಾತನ್ನು ನನಗೆ ಮುಟ್ಟಿಸಿದರು.

"ಕೀ ಆನ್ ಇರ್ಬೇಕ್ರಿ ಅಮ್ಮಾರ. ಕ್ಲಚ್ ಪೂರಾ ತುಳಿದು ಎರಡನೇ ಗೇರ್ ಹಾಕಾಕ ಹೇಳ್ರಿ. ಗಾಡಿ ಓಟ ಹಿಡಿದ ಮ್ಯಾಲೆ ಕ್ಲಚ್ ಒಮ್ಮೆಲೆ ಬಿಟ್ಟು, ಹಿಡಿದಂಗಾದ ಕೂಡಲೇ ಮತ್ತ ತುಳೀಬೇಕು."

ಮೊದಲ ಸಲ ಪದ್ಮಜಾ ಆತುರದಲ್ಲಿ ಒಂದನೇ ಗೇರಿನಲ್ಲೇ ಕ್ಲಚ್ ಬಿಟ್ಟರು. ಕಾರು ಜಗ್ಗಿ ನಿಂತಿತು. ಇಂದಿರಾಬಾಯಿ ನರಳಿದ್ದು ಕೇಳಿಸಿತು. ಆಮೇಲೆ ಅದೇ ದನಿ, ಮೆಲ್ಲಗೆ ಆದರೂ ಸ್ಪಷ್ಟವಾಗಿ, "ಖಾಜಾ, ಈಗ ಎರಡರಾಗ ಹಾಕ್ಯಾಳ. ನೂಕ್ಲಿಕ್ಕೆ ಹತ್ಯಾರ" ಅಂದಿತು. ಹಮಾಲರು ಒಟ್ಟಾಗಿ ಹಾಕಿದ ಕೂಗು, ಓಡುವ ಹೆಜ್ಜೆಗಳ ಸದ್ದು, ಒಂದು ಜಗ್ಗು. ಇಂಜಿನ್ ಗುರ್ ಅಂದಿತು. ಅಷ್ಟು ವರ್ಷ ಇಂಜಿನ್ನುಗಳ ಸದ್ದು ಕೇಳಿದ ನನಗೆ ಅಂದಿನ ಸದ್ದಿಗೆ ಕಣ್ಣು ತುಂಬಿತು.

"ಟೀಚರಮ್ಮ, ಆಸ್ಪತ್ರಿ ಬಾಗಲಾ ಮುಟ್ಟೋತನ ಆಫ್ ಮಾಡಬ್ಯಾಡ್ರಿ" ಅಂತ ಕೂಗಿದೆ. ಕುರುಗೋಡಿನಲ್ಲಿ ಪರಿಚಯದ ಅಂಗಡಿಯಿಂದ ಒಂದು ಹೊಸ ಬ್ಯಾಟರಿ ಎತ್ತಿಕೊಂಡು, ಸ್ಕೂಟರಿನಲ್ಲಿ ಕಾಲುಗಳ ನಡುವೆ ಇಟ್ಟುಕೊಂಡು ಬಳ್ಳಾರಿಗೆ ಹೊರಟೆ.

ನಾನು ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಬಿಳಿ ಕಾರು ಬಂತು. ಇಂದಿರಾಬಾಯಿಯನ್ನು ಸ್ಟ್ರೆಚರಿನ ಮೇಲೆ ಒಳಗೆ ಒಯ್ದರು. ಪದ್ಮಜಾ ಹಿಂದೆಯೇ ಓಡಿದರು. ನಾನು ಕಾರನ್ನು ಪಕ್ಕದ ಬೇವಿನ ಮರದ ನೆರಳಿಗೆ ತಂದು ನಿಲ್ಲಿಸಿದೆ. ಇಂಜಿನ್ ಓಡುತ್ತಲೇ ಇತ್ತು. ಹೊಸ ಬ್ಯಾಟರಿ ಕಾಲ ಬಳಿ ಇತ್ತು, ಸ್ಪ್ಯಾನರ್ ಕೈಯಲ್ಲಿತ್ತು. ಆದರೆ ಕೀ ತಿರುಗಿಸಲು ಮನಸ್ಸು ಬರಲಿಲ್ಲ. ಆಫ್ ಮಾಡಿದರೆ ಆ ಬ್ಯಾಟರಿಯ ಕಥೆ ಮುಗಿಯಿತು. ಅದನ್ನು ಮುಗಿಸುವ ಹಕ್ಕು ನನ್ನದಲ್ಲ ಅನಿಸಿತು. ಪೆಟ್ರೋಲು ಉರಿಯುತ್ತಿತ್ತು; ಸೆಕ್ಯುರಿಟಿಯವನು ಎರಡು ಸಲ ಬಂದು ಬೈದು ಹೋದ.

ತುಂಬಾ ಹೊತ್ತಿನ ಮೇಲೆ ಪದ್ಮಜಾ ಹೊರಗೆ ಬಂದರು. ಹೃದಯದ ಒಂದು ರಕ್ತನಾಳ ಕಟ್ಟಿಕೊಂಡಿತ್ತು, ಸ್ಟೆಂಟ್ ಹಾಕುತ್ತಿದ್ದಾರೆ, ಹೊತ್ತಿಗೆ ಸರಿಯಾಗಿ ಬಂದಿರಿ ಅಂತ ಡಾಕ್ಟರು ಅಂದರಂತೆ. ಹೇಳುತ್ತ ಹೇಳುತ್ತ ಅವರ ದೃಷ್ಟಿ ಕಾರಿನ ಕಡೆ ಹೊರಳಿತು.

"ಇನ್ನೂ ಚಾಲೂ ಇಟ್ಟೀರೇನು?"

"ನೀವು ಹೇಳದ ಹೆಂಗ ಆಫ್ ಮಾಡ್ಲಿ ಟೀಚರಮ್ಮ?"

ಅವರು ಬಾಗಿಲು ತೆಗೆದು ಆ ದಿಂಬಿನ ಸೀಟಿನಲ್ಲಿ ಕೂತರು. ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು, ಹಣೆಯನ್ನು ಕೈಗಳ ಮೇಲೆ ಇಟ್ಟು ಸ್ವಲ್ಪ ಹೊತ್ತು ಹಾಗೆಯೇ ಇದ್ದರು. ಭುಜ ಅಲುಗುತ್ತಿತ್ತು. ನಾನು ಬೇವಿನ ಮರದ ಆಚೆ ಹೋಗಿ ನಿಂತೆ. ಕೊನೆಗೆ ಇಂಜಿನ್ ನಿಂತ ಸದ್ದು ಕೇಳಿತು. ಅವರು ಇಳಿದು ಬಂದು, ಸೆರಗಿನಿಂದ ಮುಖ ಒರೆಸಿಕೊಂಡು, "ಹಾಕ್ರಿ ಖಾಜಣ್ಣ. ನಾಲ್ಕು ವರ್ಷದ್ದೇ ಇರ್ಲಿ" ಅಂದರು.

ನಾನು ಹಳೆಯದನ್ನು ಬಿಚ್ಚುತ್ತಿರುವಾಗ ಅವರು ಗಂಡನಿಗೆ ಫೋನು ಮಾಡಿದರು. ಮೊದಲು ಅತ್ತೆಯ ವಿಷಯ ಹೇಳಿದರು. ಆ ಕಡೆಯ ಮನುಷ್ಯ ಅಳುತ್ತಿದ್ದದ್ದು ನನಗೂ ಕೇಳುತ್ತಿತ್ತು. ನಾಳೆಯೇ ಕೆಲಸ ಬಿಟ್ಟು ಬರ್ತೀನಿ ಅಂದಿರಬೇಕು. ಪದ್ಮಜಾ ಬೇಡ ಅನ್ನಲಿಲ್ಲ, ಬನ್ನಿ ಅಂತ ಒತ್ತಾಯವನ್ನೂ ಮಾಡಲಿಲ್ಲ.

"ಸಿಟ್ಟಿಲ್ರೀ ನನಗ" ಅಂದರು. "ನೀವು ಬರೂ ದಾರಿ ನೋಡೂದು ನಾ ಬಿಡೂದಿಲ್ಲ. ಆದ್ರ ಇವತ್ತು ರಸ್ತೆದಾಗ ಅತ್ತಿ ಕೈ ತಣ್ಣಗಾಗಿತ್ತು. ಅದಕ್ಕ ಬ್ಯಾಟರಿ ಬದಲಿ ಮಾಡಿಸ್ಲಿಕ್ಕೆ ಹತ್ತೀನಿ."

ಆಮೇಲೆ ಗುರುರಾಜ್ ಫೋನು ನನಗೆ ಕೊಡಲು ಹೇಳಿದರು. ಅಷ್ಟು ದೂರದಿಂದ ಯಂತ್ರದ ಮನುಷ್ಯ ಕೇಳಿದ್ದು ಒಂದೇ ಮಾತು: "ಖಾಜಾ, ಬಿಗಿ ಮಾಡಿ ಕೂಡಿಸೀರಲ್ಲ? ಅಲುಗಬಾರದು."

"ಅಲುಗಂಗಿಲ್ರಿ" ಅಂದೆ.

ಮರುವಾರ ಇಂದಿರಾಬಾಯಿಯನ್ನು ವಾರ್ಡಿನಲ್ಲಿ ನೋಡಲು ಹೋಗಿದ್ದೆ. ದಿಂಬಿಗೆ ಒರಗಿ ಕೂತು, ಉಪ್ಪಿಲ್ಲದ ಗಂಜಿಯನ್ನು ಬೈಯುತ್ತಿದ್ದರು. ನನ್ನನ್ನು ಕಂಡು, "ಅವನು ಬರೂತನ ಬ್ಯಾಟರಿ ಬದಲಿ ಬ್ಯಾಡ ಅಂತ ನಿನಗ ಹೇಳ್ದಾಕಿ ನಾನಲ್ಲೇನೋ" ಅಂದರು. ಕಿಟಕಿಯ ಕಡೆ ನೋಡುತ್ತ, "ಅವನ ಒಂದು ಸಾಮಾನು ಮನಿಯಿಂದ ಹೊರಗ ಹೋದ್ರ ಅವನೇ ಇನ್ನಷ್ಟು ದೂರ ಹೋದಂಗ ಅನಸ್ತಿತ್ತು ನೋಡು" ಅಂದರು. ಗಂಜಿಯ ಬಟ್ಟಲು ಹಿಡಿದುಕೊಂಡು ಕೂತೆ.

ಗುರುರಾಜ್ ಆ ವರ್ಷ ದೀಪಾವಳಿಗೆ ಬಂದರು. ಪೂರ್ತಿ ವಾಪಸ್ ಬರಲಿಲ್ಲ, ಒಂದು ತಿಂಗಳು ಇದ್ದು ಹೋದರು. ಈಗಲೂ ಅಲ್ಲಿಯೇ ಇದ್ದಾರೆ. ಇಂದಿರಾಬಾಯಿ ಗಟ್ಟಿಯಾಗಿದ್ದಾರೆ. ಪದ್ಮಜಾ ಈಗ ದೇಶನೂರಿನ ಶಾಲೆಗೆ ಕಾರಿನಲ್ಲಿಯೇ ಹೋಗುತ್ತಾರೆ. ದಿನಾ ಓಡುವುದರಿಂದ ಬ್ಯಾಟರಿ ಚೆನ್ನಾಗಿದೆ. ಕಳೆದ ಸಲ ಸಿರುಗುಪ್ಪಕ್ಕೆ ಹೋದಾಗ ಅಂಗಳದಲ್ಲಿ ನಿಂತು ಚಹಾ ಕುಡಿದೆ. ಗಂಡನ ಫೋನು ಬರುವ ಹೊತ್ತಾಗಿತ್ತು. ಮಾತಾಡುತ್ತಿದ್ದ ಪದ್ಮಜಾ ನಡುವೆ ನಡುವೆ ಕೈಯಲ್ಲಿದ್ದ ಮೊಬೈಲು ನೋಡುತ್ತಿದ್ದರು.

ಬ್ಯಾಟರಿ ಎಷ್ಟು ದಿನ ನಡೆಯುತ್ತದೆ ಅಂತ ಕೇಳುವವರಿಗೆ ನಾನು ಮೊದಲು ಮೀಟರಿನ ಲೆಕ್ಕ ಹೇಳುತ್ತಿದ್ದೆ. ಈಗ, ಆ ಗಾಡಿಯಲ್ಲಿ ಯಾರು ಯಾರು ಕೂರುತ್ತಾರೆ ಅಂತ ಮೊದಲು ಕೇಳುತ್ತೇನೆ. ಮನೆಯಲ್ಲಿ ವಯಸ್ಸಾದವರೋ ಬಸುರಿಯೋ ಇದ್ದರೆ, ಇನ್ನೂ ಸ್ಟಾರ್ಟ್ ಆಗುತ್ತಿರುವಾಗಲೇ ಬದಲಿಸಿ ಅನ್ನುತ್ತೇನೆ. ಸ್ಟಾರ್ಟ್ ಆಗುವುದು ನಿಂತ ಮೇಲೆ ಬದಲಿಸುವುದು ಯಾರಿಗಾದರೂ ಬರುತ್ತದೆ. ಕಾಯಬೇಡಿ ಅಂತ ಮಾತ್ರ ಯಾರಿಗೂ ಹೇಳುವುದಿಲ್ಲ. ದೂರ ಇರುವವರಿಗಾಗಿ ಕಾಯುವ ಮನೆಗಳು ನಮ್ಮ ಕಡೆ ಬಹಳ ಇವೆ. ಆ ಮನೆಗಳ ಗಾಡಿಗಳು ಕೀ ತಿರುಗಿಸಿದ ಕೂಡಲೇ ಹೊರಡುವಂತಿರಬೇಕು.